ಮೋಟಾರಿನ ಲಾವಣಿ ಪತ್ರ

ನಾಲಬಂದ ಚಾಚಾ ಮಾತಾಡುವಾಗ ಅವರ ತುಟಿಗಳ ನಡುವೆ ಏಳೆಂಟು ಮೊಳೆಗಳಿರುತ್ತಿದ್ದವು. ಕುಷ್ಟಗಿಯ ಕೂಡುರಸ್ತೆಯ ಬೇವಿನ ಮರದ ಕೆಳಗೆ ಎತ್ತಿಗೆ ಹಗ್ಗ ಹಾಕಿ ಕೆಡವಿ, ಕಾಲು ಕಟ್ಟಿ, ಗೊರಸಿಗೆ ಲಾಳ ಬಡಿಯುವುದು ಅವರ ಕೆಲಸ. ಒಂದು ಕೈಯಲ್ಲಿ ಗೊರಸು, ಇನ್ನೊಂದರಲ್ಲಿ ಸುತ್ತಿಗೆ. ಮೊಳೆ ಇಟ್ಟುಕೊಳ್ಳಲು ಬಾಯಿ ಬಿಟ್ಟರೆ ಬೇರೆ ಜಾಗ ಎಲ್ಲಿದೆ? ಹಾಗಾಗಿ ಮಾತೆಲ್ಲ ಬಾಯಿಯ ಎಡಮೂಲೆಯಿಂದ ಬರುತ್ತಿತ್ತು. ಹೊಸಬರಿಗೆ ಅರ್ಧ ತಿಳಿಯುತ್ತಿರಲಿಲ್ಲ, ನಮಗೆ ರೂಢಿಯಾಗಿತ್ತು. ಮೊಳೆಗಳನ್ನೆಲ್ಲ ಅಂಗೈಗೆ ಉಗುಳಿಕೊಂಡು ಮಾತು ತೆಗೆದರೆಂದರೆ ಮಾತ್ರ ಎದುರಿಗಿದ್ದವನು ಹುಷಾರಾಗಬೇಕು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅಪ್ಪ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಗಂಡಸು ಅಂತ ಉಳಿದವನು ನಾನೊಬ್ಬನೇ. ಅಕ್ಕನ ಮದುವೆಯ ಮಾತು ಬಂದಾಗ ಅವ್ವ ಗೋಡೆಯಾಚೆಗೆ ಕೂಗಿ ಚಾಚಾರನ್ನು ಕರೆಸಿದ್ದಳು. ಚಾಚಾ ಬಂದು ಗಂಡಿನ ಮೋರೆ ನೋಡಲಿಲ್ಲ, ಜಾತಕ ಕೇಳಲಿಲ್ಲ. ಜಗುಲಿಯ ಮೇಲೆ ಕೂತವನ ಪಾದಗಳನ್ನು ಒಂದು ಗಳಿಗೆ ನೋಡಿ, "ಹಿಮ್ಮಡ ಒಡದಾವ ಯವ್ವಾ. ದುಡಿಯೋ ಹುಡುಗ. ಕೊಡ್ರಿ" ಅಂದರು. ಅಕ್ಕ ಸುಖವಾಗಿಯೇ ಬಾಳಿದಳು, ಆ ಮಾತು ಬೇರೆ. ಎತ್ತು ಕೊಳ್ಳಲು ಸಂತೆಗೆ ಹೋಗುವವರು ಯಾರೇ ಆಗಲಿ ಚಾಚಾರನ್ನು ಜೊತೆಗೆ ಕರೆದೊಯ್ಯುತ್ತಿದ್ದರು. "ಮಂದಿ ಕೋಡು ನೋಡಿ ರೊಕ್ಕ ಎಣಸ್ತಾರ. ಎತ್ತು ಕೋಡಿನ ಮ್ಯಾಲೆ ನಡೀತೈತೇನು?" ಎಂಬುದು ಅವರ ಮಾತು. ದಲ್ಲಾಳಿಗಳಿಗೆ ಅವರನ್ನು ಕಂಡರೆ ಹೊಟ್ಟೆಯುರಿ.

ನನಗೆ ಆಗ ಇಪ್ಪತ್ಮೂರು. ತಲೆಯಲ್ಲಿ ಮೋಟಾರು ಹೊಕ್ಕಿತ್ತು. ಹೊಸಪೇಟೆಯಲ್ಲಿ ಒಂದು ವರ್ಷ ಇದ್ದು ಗಾಡಿ ಹೊಡೆಯುವುದನ್ನು ಕಲಿತು ಬಂದಿದ್ದೆ. ನಮ್ಮ ಕುಷ್ಟಗಿಗೆ ರೈಲಿಲ್ಲ. ರೈಲು ಹಿಡಿಯಬೇಕೆಂದರೆ ಕೊಪ್ಪಳ ಸ್ಟೇಷನ್ನಿಗೆ ಹೋಗಬೇಕು. ಚಕ್ಕಡಿಯಲ್ಲಿ ಹೊರಟರೆ ಎರಡು ದಿನದ ದಾರಿ. ಒಂದು ಮೋಟಾರಿದ್ದರೆ ವಕೀಲರು, ವ್ಯಾಪಾರದವರು, ಬಾಣಂತನಕ್ಕೆ ಹೋಗುವ ಹೆಣ್ಣುಮಕ್ಕಳು ಎಲ್ಲರೂ ನನ್ನ ಗಾಡಿಯೇ ಹತ್ತುತ್ತಾರೆ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಿರಲಿಲ್ಲ. ಆದರೆ ಕೈಯಲ್ಲಿ ರೊಕ್ಕವಿರಲಿಲ್ಲ. ಇದ್ದದ್ದು ಊರ ಉತ್ತರಕ್ಕಿರುವ ನಾಲ್ಕು ಕೂರಿಗಿ ಅಳತೆಯ ಎರೆ ಹೊಲ. ಅವ್ವನೂ ನಾನೂ ಉಣ್ಣುತ್ತಿದ್ದದ್ದು ಅದೊಂದರಲ್ಲೇ.

ಹುಬ್ಬಳ್ಳಿಯ ಒಬ್ಬ ಮೋಟಾರು ಏಜೆಂಟ ಕಂತಿನ ಮೇಲೆ ಹೊಸ ಗಾಡಿ ಕೊಡುತ್ತೇನೆಂದು ಕಾಗದ ಬರೆದ. ಮೂರರಲ್ಲಿ ಒಂದು ಪಾಲು ಮುಂಗಡ, ಉಳಿದದ್ದು ಎರಡು ವರ್ಷ ತಿಂಗಳು ತಿಂಗಳು. ಆಧಾರಕ್ಕೆ ಹೊಲ. ಕಂತೆಲ್ಲ ಇಂಗ್ರೇಜಿ ಕಲ್ದಾರ ರೂಪಾಯಿಯಲ್ಲೇ ಕಟ್ಟಬೇಕು, ನಮ್ಮ ನಿಜಾಮನ ಹಾಲಿ ರೂಪಾಯಿ ಅವನಿಗೆ ನಡೆಯದು. "ಇಂದೇ ಗಾಡಿ ನಿಮ್ಮದು, ನಿಮ್ಮ ಅಂಗಳದಲ್ಲಿ ನಿಲ್ಲುತ್ತದೆ" ಎಂದು ಕೊನೆಗೆ ಬರೆದಿದ್ದ. ಆ ಒಂದು ಸಾಲನ್ನು ನಾನು ಎಷ್ಟು ಸಲ ಓದಿಕೊಂಡೆನೋ! ಕಾಗದ ಹಿಡಿದುಕೊಂಡು ಬೇವಿನ ಮರದ ಕೆಳಗೆ ಹೋಗಿ ಚಾಚಾರಿಗೆ ಓದಿ ಹೇಳಿದೆ. ಅವರು ಒಂದು ಬಿಳಿ ಎತ್ತಿನ ಗೊರಸು ಕೆತ್ತುತ್ತಿದ್ದರು. ಕೆತ್ತುತ್ತಲೇ ಕೇಳಿದರು.

"ಎತ್ತು ಸತ್ರ ಯಾರ್ದು ಸತ್ತಂಗ?"

"ಯಾವ ಎತ್ತು ಚಾಚಾ? ಇದು ಮೋಟಾರ."

"ಅದನ್ನ ಕೇಳಾಕ ಹತ್ತೀನಿ. ನಾಳಿ ನಿನ್ನ ಮೋಟಾರ ಸತ್ರ, ನಿಂದು ಸತ್ತಂಗೋ, ಹುಬ್ಬಳ್ಳ್ಯಾವಂದೋ?"

ನಮ್ಮ ಕಡೆ ಎತ್ತನ್ನು ಲಾವಣಿಗೆ, ಅಂದರೆ ಒಂದು ವರ್ಷದ ಬಾಡಿಗೆಗೆ, ಕೊಡುವ ಪದ್ಧತಿ ಇತ್ತು. ಹೊಲಕ್ಕೂ ಅದೇ ಲಾವಣಿ, ಎತ್ತಿಗೂ ಅದೇ ಲಾವಣಿ. ಲಾವಣಿ ಎತ್ತು ರೋಗ ಬಂದು ಸತ್ತರೆ, ಒಯ್ದವನು ಅದರ ಕೋಡು ತಂದು ಯಜಮಾನನ ಮುಂದೆ ಇಡಬೇಕು. ಇಟ್ಟರೆ ಮುಗಿಯಿತು, ನಷ್ಟ ಯಜಮಾನನದು. ಚಾಚಾರ ಮನಸ್ಸಿನಲ್ಲಿ ಇದ್ದದ್ದು ಆ ನ್ಯಾಯ. ನಾನು ಕಾಗದವನ್ನು ಮತ್ತೆ ಓದಿದೆ. ಕೊನೆಯ ಕಂತು ಮುಟ್ಟುವತನಕ ಗಾಡಿ ಕಂಪನಿಯ ಹೆಸರಿನಲ್ಲೇ ಇರುತ್ತದೆ ಎಂದು ಒಂದು ಕಡೆ ಇತ್ತು. ಗಾಡಿ ಕೆಟ್ಟರೂ ಸುಟ್ಟರೂ ಕಂತು ತಪ್ಪುವಂತಿಲ್ಲ ಎಂದು ಇನ್ನೊಂದು ಕಡೆ ಇತ್ತು. ಎರಡು ಕಂತು ತಪ್ಪಿದರೆ ಗಾಡಿ ಎಳೆದೊಯ್ಯುತ್ತಾರೆ, ಕಟ್ಟಿದ್ದು ವಾಪಸಿಲ್ಲ, ಬಾಕಿಗೆ ಹೊಲ.

ಚಾಚಾ ಮೊಳೆಗಳನ್ನು ಅಂಗೈಗೆ ಉಗುಳಿದರು. "ಬದುಕಿದ್ರ ಅವಂದು, ಸತ್ರ ನಿಂದು. ಛಲೋ ಐತಲ್ಲೋ ವ್ಯಾಪಾರ!"

ನನಗೆ ಸಿಟ್ಟು ಬಂತು. ನನ್ನದು ಮೊದಲಿನಿಂದಲೂ ಮೂಗಿನ ತುದಿಯ ಸಿಟ್ಟು. ಲಾಳ ಬಡಿಯುವವರಿಗೆ ಮೋಟಾರಿನ ಮಾತು ಯಾಕೆ, ಮೋಟಾರು ಬಂದರೆ ನಿಮ್ಮ ಉದ್ಯೋಗಕ್ಕೆ ಸಂಚಕಾರ ಅಂತ ಹೇಳುತ್ತಿದ್ದೀರಿ, ಎಂದುಬಿಟ್ಟೆ. ಬಾಯಿಂದ ಹೊರಬಿದ್ದ ಮೇಲೆ ನಾಲಿಗೆ ಕಚ್ಚಿಕೊಂಡೆ. ಚಾಚಾ ನಕ್ಕರು. "ಸಂಚಕಾರ ಹೌದು. ಅದು ಬರೂದು ಬರ್ತೈತಿ, ನೀ ತಂದ್ರೂ ಅಷ್ಟ, ಬಿಟ್ರೂ ಅಷ್ಟ. ನಾ ಹೇಳಾಕ ಹತ್ತಿದ್ದು ನಿಮ್ಮವ್ವನ ಹೊಲದ ಮಾತು" ಅಂದು ಮತ್ತೆ ಮೊಳೆ ಬಾಯಿಗಿಟ್ಟುಕೊಂಡರು.

ಹದಿನೈದು ದಿನ ಅವರ ಜೊತೆ ಮಾತು ಬಿಟ್ಟಿದ್ದೆ. ಅವರೇನೂ ಬಿಡಲಿಲ್ಲ. ವರ್ಷಕ್ಕೆ ಎರಡು ಸಲ ಅವರು ಗಂಗಾವತಿಗೆ ಹೋಗಿ, ಅಲ್ಲಿಯ ಒಬ್ಬ ಭತ್ತದ ಗಿರಣಿ ಸಾಹುಕಾರರ ಅರವತ್ತು ಎತ್ತುಗಳಿಗೆ ಲಾಳ ಕಟ್ಟಿ ಬರುತ್ತಿದ್ದರು. ಆ ಸಲ ಬಂದವರೇ ನಮ್ಮ ಅಂಗಳಕ್ಕೆ ಬಂದು ನಿಂತರು. "ಗಿರಣಿ ಸಾವ್ಕಾರ್ರು ರೊಕ್ಕ ಸುಮ್ನ ಕುಂತೈತಿ ಅಂತ ಹೊಸಾ ಮೋಟಾರ ತರಾಕ ಹತ್ಯಾರ. ಲಾವಣಿಗೆ ಕೊಡ್ತಾರಂತ. ನಡಸಾವ ಬೇಕಂತ. ನಿನ್ನ ಹೆಸರು ಹೇಳಿ ಬಂದೀನಿ. ಬೇಕಾದ್ರ ಬಾ, ಬ್ಯಾಡಾದ್ರ ಮುಖ ಉಬ್ಬಿಸ್ಕೊಂಡು ಕುಂದ್ರು."

ಲಾವಣಿ ಅಂದರೆ ಗಾಡಿ ಎಂದಿಗೂ ನನ್ನದಾಗುವುದಿಲ್ಲ. ಹತ್ತು ವರ್ಷ ಕಟ್ಟಿದರೂ ಅದು ಸಾಹುಕಾರರದೇ. ಕಂತಿನಲ್ಲಾದರೆ ಎರಡು ವರ್ಷ ಹಲ್ಲು ಕಚ್ಚಿದರೆ ನನ್ನದು. ಅವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು, ನಾನು ಒಂದು ಕಡೆ ಕಂತು, ಒಂದು ಕಡೆ ಲಾವಣಿ ಎಂದು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದೆ. ಎಲ್ಲ ಕೂಡಿಸಿದರೆ ಕಂತಿನದೇ ಲಾಭ. ಅವ್ವ ತಿರುಗಿ ನೋಡಿ, "ಅದರಾಗ ಹೊಲ ಎಲ್ಲೈತಿ?" ಅಂದಳು. ನಾನು ಹೊಲವನ್ನು ಬರೆದಿರಲೇ ಇಲ್ಲ. ಅದು ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಮಾರನೆಯ ದಿನ ಚಾಚಾರ ಜೊತೆ ಗಂಗಾವತಿಗೆ ಹೊರಟೆ.

ಗಿರಣಿಯ ಪಡಸಾಲೆಯಲ್ಲಿ ಚಾಚಾ ನನ್ನ ಪರವಾಗಿ ಚೌಕಾಸಿ ಮಾಡಿದ ರೀತಿಯನ್ನು ನಾನು ಮರೆಯಲಾರೆ. ಲಾಳ ಯಾರದೆಂದು ಕೇಳಿದರು. ಸಾಹುಕಾರರಿಗೆ ತಿಳಿಯಲಿಲ್ಲ. "ಟಾಯರ್ರಿ, ಟಾಯರು. ಎತ್ತಿಗೆ ಲಾಳ, ಮೋಟಾರಿಗೆ ಟಾಯರು. ಸವದ್ರ ಯಾರು ಹಾಕಸ್ಬೇಕು?" ಟೈರು ಸಾಹುಕಾರರದು, ಪೆಟ್ರೋಲು ಎಣ್ಣೆ ನನ್ನದು ಎಂದಾಯಿತು. ನನ್ನ ಕೈತಪ್ಪಿನಿಂದ ಬಡಿದರೆ ನನ್ನ ಖರ್ಚು, ತಾನಾಗಿ ಸತ್ತರೆ ಅವರ ಗಾಡಿ. ಸಾಹುಕಾರರು ಕೆಟ್ಟವರಲ್ಲ. ಚಾಚಾರ ಪ್ರಶ್ನೆಗಳಿಗೆ ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ನಗತೊಡಗಿದರು. ಆದರೆ ಆಧಾರಕ್ಕೆ ಅವರೂ ಹೊಲದ ಪಟ್ಟಾ ಕೇಳಿದರು. ಲಾವಣಿ ಮುಟ್ಟದಿದ್ದರೆ ಹೊಲ. ಹೊಸ ಮೋಟಾರನ್ನು ಹುಡುಗನೊಬ್ಬನ ಕೈಗೆ ಸುಮ್ಮನೆ ಕೊಡುವವರು ಯಾರು? ಪಟ್ಟಾ ಅವರ ಪೆಟ್ಟಿಗೆಯೊಳಗೆ ಹೋಯಿತು.

ಪತ್ರ ಬರೆಯುವ ಕೆಲಸ ನನಗೆ ಬಂತು. ಉರ್ದು ಶಾಲೆಯಲ್ಲಿ ಕಲಿತವನೆಂಬ ಜಂಬ ಬೇರೆ. ಮೋಟಾರಿನ ಲಾವಣಿ ಪತ್ರ ಹೇಗಿರುತ್ತದೆಂದು ನಾನು ಎಲ್ಲಿ ನೋಡಿದ್ದೆ? ಅಪ್ಪ ಹಿಂದೆ ಯಾರಿಗೋ ಹೊಲ ಲಾವಣಿಗೆ ಹಾಕಿಕೊಟ್ಟಿದ್ದ ಹಳೆಯ ಪತ್ರವನ್ನು ಜೊತೆಗೆ ತಂದಿದ್ದೆ. ಹೊಲ ಎಂದಿದ್ದ ಕಡೆ ಮೋಟಾರು ಎಂದು ಹಾಕುತ್ತ ಸರಸರನೆ ನಕಲು ಮಾಡಿದೆ. ಯುಗಾದಿಯಿಂದ ಯುಗಾದಿಗೆ. ಅರ್ಧ ಲಾವಣಿ ದೀಪಾವಳಿಗೆ, ಅರ್ಧ ವರ್ಷದ ಕೊನೆಗೆ. ಬರೆದು ಮುಗಿಸಿ ಓದತೊಡಗಿದಾಗ ನನ್ನ ಕಿವಿಗೇ ನಾಚಿಕೆಯಾಯಿತು. "ಆಸ್ಮಾನಿ ಸುಲ್ತಾನಿ ಬಂದು ಮಳೆ ಬೆಳೆ ಕೆಟ್ಟಲ್ಲಿ ಲಾವಣಿ ಮಾಫಿ" ಎಂದು ಬರೆದುಬಿಟ್ಟಿದ್ದೆ! ಆಸ್ಮಾನಿ ಎಂದರೆ ಆಕಾಶದಿಂದ ಬರುವ ಕೇಡು, ಸುಲ್ತಾನಿ ಎಂದರೆ ಸರ್ಕಾರದಿಂದ ಬರುವ ಕೇಡು. ಹೊಲದ ಪತ್ರಗಳಲ್ಲಿ ಅದು ಇರುತ್ತಿತ್ತು. ಮೋಟಾರಿಗೂ ಮಳೆಗೂ ಏನು ಸಂಬಂಧ?

ಸಾಹುಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರ ಗುಮಾಸ್ತನೂ ನಕ್ಕ. "ಹೊಡದು ಹಾಕ್ತೀನ್ರಿ" ಎಂದು ನಾನು ಲೇಖನಿ ಎತ್ತಿದೆ. ಚಾಚಾ ಕೈ ಅಡ್ಡ ಹಿಡಿದರು.

"ಇರ್ಲಿ ಬಿಡು. ಸಾವ್ಕಾರ್ರ, ಆ ಮಾತು ಪತ್ರದಾಗ ಇರ್ಲಿ. ಒಪ್ಪಿದ್ರಿಲ್ಲ?"

"ಮೋಟಾರಿಗೆ ಎಂಥಾ ಸುಲ್ತಾನಿ ಬರ್ತೈತೋ?"

"ನನಗೇನ್ ಗೊತ್ರಿ. ಬರ್ಲಿಲ್ಲಂದ್ರ ನಿಮಗೇನ್ ಲುಕ್ಸಾನ? ಒಪ್ಪಿದೆ ಅಂತ ಬಾಯಾಗ ಅನ್ರಿ."

"ಒಪ್ಪಿದೆ ಮಾರಾಯಾ, ಒಪ್ಪಿದೆ" ಎಂದು ಸಾಹುಕಾರರು ಎಲೆಯಡಿಕೆ ಬಾಯಿಗೆ ಹಾಕಿಕೊಂಡರು. ಗುಮಾಸ್ತ ಸಾಕ್ಷಿ ರುಜು ಹಾಕಿದ, ಚಾಚಾ ಹೆಬ್ಬೆಟ್ಟು ಒತ್ತಿದರು.

ಮೊದಲ ವರ್ಷ ನನ್ನನ್ನು ಹಿಡಿಯುವವರೇ ಇರಲಿಲ್ಲ. ವಾರಕ್ಕೆ ನಾಲ್ಕು ಸಲ ಕೊಪ್ಪಳ, ನಡುನಡುವೆ ಯಲಬುರ್ಗಾ, ಸಿದ್ದಾಪುರ. ಲಾವಣಿ ಹೊತ್ತಿಗೆ ಸರಿಯಾಗಿ ಮುಟ್ಟಿತು. ಯುಗಾದಿಗೆ ಸಾಹುಕಾರರು ಹೋಳಿಗೆ ಊಟ ಹಾಕಿಸಿ, ಅದೇ ಪತ್ರದ ಮೇಲೆ ಇನ್ನೊಂದು ವರ್ಷ ನಡೆಸು ಅಂದರು. ಯುದ್ಧ ನಡೆಯುತ್ತಿತ್ತು, ಆದರೆ ಅದು ಎಲ್ಲೋ ದೂರದ್ದು ಎಂದುಕೊಂಡಿದ್ದೆವು. ಶ್ರಾವಣದಲ್ಲಿ ಪೆಟ್ರೋಲಿಗೆ ಚೀಟಿ ಬಂತು. ಸರ್ಕಾರ ಕೊಟ್ಟ ಚೀಟಿಯಲ್ಲಿ ತಿಂಗಳಿಗೆ ಎರಡು ಸಲ ಸ್ಟೇಷನ್ನಿಗೆ ಹೋಗಿಬರುವಷ್ಟು ಎಣ್ಣೆ ಸಿಗುತ್ತಿತ್ತು, ಆಮೇಲೆ ಅದೂ ಸಿಗಲಿಲ್ಲ. ಮೋಟಾರು ನಮ್ಮ ಅಂಗಳದಲ್ಲಿ ನಿಂತಿತು. ಕೋಳಿಗಳು ಅದರ ಕೆಳಗೆ ಮೊಟ್ಟೆ ಇಡತೊಡಗಿದವು. ಅದೇ ಹೊತ್ತಿಗೆ ಯಲಬುರ್ಗಾದಲ್ಲಿ, ಹುಬ್ಬಳ್ಳಿ ಏಜೆಂಟನ ಹತ್ತಿರವೇ ಕಂತಿನ ಮೇಲೆ ಗಾಡಿ ತಂದಿದ್ದ ನನ್ನ ವಯಸ್ಸಿನ ಒಬ್ಬನ ಮೋಟಾರನ್ನು ಎತ್ತು ಹೂಡಿ ಕೊಪ್ಪಳ ಸ್ಟೇಷನ್ನಿಗೆ ಎಳೆದೊಯ್ದರು. ಬಾಕಿಗೆ ಅವನ ಮನೆಯೂ ಹೋಯಿತು. 

ದೀಪಾವಳಿಗೆ ಸಾಹುಕಾರರ ಆಳು ಬಂದ. ಅರ್ಧ ಲಾವಣಿ ಕೊಡು, ಇಲ್ಲದಿದ್ದರೆ ಪಟ್ಟಾ ಮೇಲೆ ಹೊಲ ಹಿಡಿಯುತ್ತೇವೆ ಅಂದ. ನಾನು ಪತ್ರ ತೋರಿಸಿ ಸುಲ್ತಾನಿ ಅಂದೆ. ಅವನು ಹೋಗಿ ಹೇಳಿದ. ಐದು ಮಂದಿ ವ್ಯಾಪಾರಸ್ಥರನ್ನು ಪಂಚಾಯ್ತಿಗೆ ಕೂಡಿಸಿದ್ದೇನೆ, ಸಾಕ್ಷಿಯನ್ನು ಕರೆದುಕೊಂಡು ಬಾ ಎಂದು ಸಾಹುಕಾರರಿಂದ ಉತ್ತರ ಬಂತು.

ಚಾಚಾರಿಗೆ ಹೇಳಲು ಬೇವಿನ ಮರದ ಕೆಳಗೆ ಹೋದೆ. ಅವರು ಸುತ್ತಿಗೆ ಕೆಳಗಿಟ್ಟು ಕೇಳಿದರು: "ಅವತ್ತು ಅವ್ರು ಒಪ್ಪಿದೆ ಅಂದದ್ದು ನಿನಗ ನೆನಪೈತಿಲ್ಲ?"

"ಐತ್ರಿ ಚಾಚಾ."

"ನನಗೂ ಐತಿ. ಅದ ತ್ರಾಸು" ಅಂದರು. ಏನು ತ್ರಾಸು ಎಂದು ಕೇಳುವಷ್ಟು ವ್ಯವಧಾನ ನನಗಿರಲಿಲ್ಲ. ನನ್ನ ಹೊಲದ ಚಿಂತೆ ನನಗೆ.

ಗಿರಣಿಯ ಪಡಸಾಲೆಯಲ್ಲಿ ಸಾಹುಕಾರರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. "ಇವ ಹೊಲದ ಪತ್ರ ನೋಡಿ ನಕಲು ಹೊಡದಾನ. ಮಳಿ ಬೆಳಿ ಅಂತ ಬರದಾನ. ಮೋಟಾರದಾಗ ಏನ್ ಬೆಳೀತಾನ್ರಿ? ಬರಿಯೋದರಾಗ ಇವ ತಪ್ಪಿದ್ದಕ್ಕ ನಾ ಯಾಕ ಲುಕ್ಸಾನ ಆಗ್ಲಿ? ಗಾಡಿಗೆ ನನ್ನ ರೊಕ್ಕ ಹೋಗೈತಿ." ಐವರೂ ತಲೆಯಾಡಿಸಿದರು. ಆ ಮಾತು ಗೊತ್ತಿದ್ದೂ ಒಪ್ಪಿದ್ದೋ, ಗೊತ್ತಿಲ್ಲದೆ ಉಳಿದದ್ದೋ ಎಂದು ಹಿರಿಯರೊಬ್ಬರು ಗುಮಾಸ್ತನನ್ನು ಕೇಳಿದರು. ಗುಮಾಸ್ತ ನೆಲ ನೋಡುತ್ತ, "ನೆನಪಿಲ್ರಿ" ಅಂದ. ಉಳಿದವರು ಚಾಚಾ ಒಬ್ಬರೇ.

ಸಾಹುಕಾರರು ಚಾಚಾರ ಕಡೆ ತಿರುಗಿದರು. ದನಿ ಎತ್ತರಿಸಲಿಲ್ಲ. "ನೋಡಿ ಮಾತಾಡು. ನಮ್ಮ ಗಿರಣ್ಯಾಗ ಅರವತ್ತು ಎತ್ತು ಅದಾವ."

"ಹೌದ್ರಿ, ಅರವತ್ತು. ಒಂದಕ್ಕ ಎಂಟರಂತ ಲಾಳ ಬಡದಾವ ನಾನ, ಲೆಕ್ಕ ನನಗ ಗೊತ್ತೈತಿ" ಅಂದರು ಚಾಚಾ. ಆ ದಿನ ಬಾಯಲ್ಲಿ ಮೊಳೆಗಳಿರಲಿಲ್ಲ, ಮಾತು ಒಂದೊಂದೂ ಬಿಡಿಬಿಡಿಯಾಗಿ ಬಂತು. "ಹುಡುಗ ತಪ್ಪು ಬರದಾನ, ಖರೇ. ತಪ್ಪಂತ ಅವತ್ತ ಎಲ್ಲಾರಿಗೂ ಗೊತ್ತಾತು. ಹೊಡದು ಹಾಕ್ತೀನಿ ಅಂದ. ನಾ ಬ್ಯಾಡ ಅಂದೆ. ಸಾವ್ಕಾರ್ರು ನಕ್ಕರು, ಒಪ್ಪಿದೆ ಅಂದ್ರು, ಎಲಿ ಹಾಕ್ಕೊಂಡ್ರು. ಪೆಟ್ರೋಲ ಬಂದ್ ಮಾಡಿದ್ದು ಸರ್ಕಾರ. ಅದು ಸುಲ್ತಾನಿ ಹೌದೋ ಅಲ್ಲೋ ಅನ್ನೂದನ್ನ ನೀವು ಹೇಳ್ರಿ, ನಾ ಸಾಲಿ ಕಲತಾವಲ್ಲ. ಒಪ್ಪಿದೆ ಅಂದದ್ದು ಮಾತ್ರ ಖರೇ. ಅಲ್ಲಾ ಮ್ಯಾಲದಾನ."

ಆ ಹಿರಿಯರು ಸಾಹುಕಾರರನ್ನೇ, "ಅಂದಿದ್ರೇನು?" ಎಂದು ಕೇಳಿದರು. ಸಾಹುಕಾರರು ಗೋಡೆಯ ಕಡೆ ನೋಡಿದರು, ಅಂದಿಲ್ಲ ಎನ್ನಲಿಲ್ಲ. ಚೀಟಿ ಬಂದ ದಿನದಿಂದ ಲಾವಣಿ ಮಾಫಿ, ಅದರ ಹಿಂದಿನದಷ್ಟೇ ಬಾಕಿ ಎಂದು ತೀರ್ಮಾನವಾಯಿತು. ಆ ಬಾಕಿಯನ್ನು ಅಲ್ಲೇ ಕೊಟ್ಟು, ಮೋಟಾರು ಒಪ್ಪಿಸುವ ದಿನ ಗೊತ್ತುಮಾಡಿ, ಪಟ್ಟಾ ಬಿಡಿಸಿಕೊಂಡೆ. ಕುಷ್ಟಗಿಗೆ ಬರುವ ದಾರಿಯುದ್ದಕ್ಕೂ ನಾನೊಬ್ಬನೇ ಮಾತಾಡಿದೆ, ಚಾಚಾ ಹ್ಞೂಂ ಹ್ಞೂಂ ಎನ್ನುತ್ತಿದ್ದರು. ದಣಿದಿದ್ದಾರೆ ಅಂದುಕೊಂಡೆ.

ಆ ವರ್ಷ ಜೋಳದ ಸುಗ್ಗಿಯಾದ ಮೇಲೆ ಒಂದು ಚೀಲ ಹೊತ್ತುಕೊಂಡು ಅವರ ಬಾಗಿಲಿಗೆ ಹೋದೆ. ಚಾಚಾ ಚೀಲವನ್ನು ಮುಟ್ಟಲೂ ಇಲ್ಲ. "ಸಾಕ್ಷಿಗೆ ಕೂಲಿ ಇಸ್ಕೊಂಡ್ರ ಅದು ಸಾಕ್ಷಿ ಹೆಂಗಾಕ್ಕೈತೋ? ಒಯ್ಯಿ, ನಿಮ್ಮವ್ವಗ ರೊಟ್ಟಿ ಮಾಡಾಕ ಹೇಳು" ಅಂದರು. ನಾನು ಒಯ್ದೆ. ಎರಡನೆಯ ಸಲ ಒತ್ತಾಯ ಮಾಡಲಿಲ್ಲ. ಈಗ ಅದನ್ನು ನೆನೆದರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಂದಿನಿಂದ ಚಾಚಾರಿಗೆ ಒಂದು ಹೊಸ ಚಟ ಅಂಟಿತು. ಚಕ್ಕಡಿ ದಾರಿಗಳಲ್ಲಿ ಬಗ್ಗಿ ಬಗ್ಗಿ ನೋಡುತ್ತ ನಡೆಯುವರು. ಎತ್ತಿನ ಕಾಲಿಂದ ಉದುರಿದ ಸವೆದ ಲಾಳ, ಮುರಿದ ಮೊಳೆ ಕಂಡರೆ ಎತ್ತಿ ಜೋಳಿಗೆಗೆ ಹಾಕಿಕೊಳ್ಳುವರು. ತಂದು ಕಾಸಿ, ಬಡಿದು, ಎರಡು ಕೂಡಿಸಿ ಒಂದು ಮಾಡುವರು. ದಿನಕ್ಕೆ ಎರಡು ಎತ್ತಿಗೆ ಆಗುವಷ್ಟೂ ಆಗುತ್ತಿರಲಿಲ್ಲ. ಬಂದವರನ್ನು ನಾಳೆ ಬಾ ಎಂದು ಕಳಿಸುವರು. ನಾನು ಹೊಲಕ್ಕೆ ಹೋಗುತ್ತ ದಾರಿಯಲ್ಲಿ ಸಿಕ್ಕಾಗಲೆಲ್ಲ ಕಾಡುತ್ತಿದ್ದೆ. "ಏನ್ ಚಾಚಾ, ಮುದುಕಾದಂಗ ಜಿಪುಣತನ ಹೆಚ್ಚಾತಲ್ಲ! ಗಂಟು ಎಲ್ಲಿ ಹೂಳಿಟ್ಟೀರಿ?" ಚಾಚಾ ನಗುತ್ತಿದ್ದರು. "ನಿಮ್ಮ ಹೊಲದಾಗ ಹೂಳೀನಿ, ತೆಗಿ" ಅನ್ನುತ್ತಿದ್ದರು. ನಾನೂ ನಗುತ್ತಿದ್ದೆ.

ಯುದ್ಧ ಮುಗಿಯುವ ಹೊತ್ತಿಗೆ ಎದೆಯ ಕೆಮ್ಮು ಹಿಡಿದು ಚಾಚಾ ತೀರಿಕೊಂಡರು. ನಲವತ್ತನೆಯ ದಿನದ ಫಾತೆಹಾ ಮುಗಿದ ಮೇಲೆ, ಅವರ ಹೆಂಡತಿ ಚಾಚಿ ಮನೆಯ ಹಿಂದಿನ ಹಳೆ ಲಾಳದ ಗುಡ್ಡೆಯನ್ನು ಯಾರಿಗಾದರೂ ಕೊಟ್ಟುಬಿಡು ಎಂದು ನನ್ನನ್ನು ಕರೆದರು. ನಾನು ಅದನ್ನು ಚೀಲಕ್ಕೆ ತುಂಬುತ್ತ, ರೂಢಿಯಂತೆ, "ಚಾಚಾಗ ಈ ತುಕ್ಕು ಕಬ್ಬಿಣದ ಮ್ಯಾಲೆ ಪ್ರೀತಿ ಭಾಳ" ಎಂದೆ.

ಚಾಚಿ ಗೋಡೆಗೆ ಒರಗಿ ಕೂತಿದ್ದರು. "ಪ್ರೀತಿ ಅಲ್ಲಪಾ. ಲಡಾಯಿದಾಗ ಹೊಸಾ ಕಬ್ಬಿಣ ಎಲ್ಲಿ ಸಿಗ್ತಿತ್ತು? ಅವ್ರಿಗೆ ಕಬ್ಬಿಣ ಕೊಡ್ತಿದ್ದದ್ದು ಗಂಗಾವತಿ ಗಿರಣಿ. ಅರವತ್ತು ಎತ್ತಿನ ಕೆಲಸಾನೂ ಅಲ್ಲೇ, ನಮ್ಮ ವರ್ಷದ ಅಕ್ಕಿನೂ ಅಲ್ಲಿಂದ. ಪಂಚಾಯ್ತಿ ಆದ ವಾರನ ಸಾವ್ಕಾರ್ರು ಸಿದ್ದಾಪುರದ ನಾಲಬಂದ ಒಬ್ಬನ್ನ ಇಟ್ಕೊಂಡ್ರು. ಸಾಕ್ಷಿಗೆ ಹೋಗೂ ಮುಂದನ ಇವ್ರಿಗೆ ಗೊತ್ತಿತ್ತು. ಹೊರಡೂ ದಿನ ಮುಂಜಾನೆ ನನಗ ಹೇಳಿ ಹೋಗಿದ್ರು, ಇನ್ನ ಅಕ್ಕಿ ಬರಾಂಗಿಲ್ಲ ಅಂತ."

ನಾನು ಚೀಲ ಬಿಟ್ಟು ಅವರ ಎದುರಿಗೆ ಬಂದು ಕೂತೆ. "ನನಗ ಯಾಕ ಹೇಳ್ಲಿಲ್ರಿ ಚಾಚಿ? ಮೂರು ವರ್ಷ! ಗೋಡಿ ಆಚಿಗೇ ಇದ್ನಲ್ಲ!"

"ಹೇಳಬ್ಯಾಡ ಅಂತ ಆಣಿ ಹಾಕಿದ್ರು. ಹುಡುಗಗ ಗೊತ್ತಾದ್ರ ಆ ಹೊಲದ ರೊಟ್ಟಿ ಅವನ ಗಂಟಲದಾಗ ಇಳ್ಯಂಗಿಲ್ಲ ಅಂತಿದ್ರು."

ಮನೆಗೆ ಬಂದೆ. ಅವ್ವನಿಗೆ ಎಲ್ಲ ಹೇಳಿದೆ. ಅವಳು ಎದ್ದು, ಬುಟ್ಟಿಯಲ್ಲಿದ್ದ ರೊಟ್ಟಿಗಳಲ್ಲಿ ಅರ್ಧವನ್ನು ಬಟ್ಟೆಯಲ್ಲಿ ಕಟ್ಟಿ ಗೋಡೆಯಾಚೆಗೆ ಕೊಟ್ಟು ಬಂದಳು. ಚಾಚಿ ಇರುವತನಕ ಹದಿನಾಲ್ಕು ವರ್ಷ ಅದು ಒಂದು ದಿನವೂ ತಪ್ಪಲಿಲ್ಲ. ಇದರಿಂದ ಋಣ ತೀರಿತೆಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ಆ ಹೊಲ ಇವತ್ತಿಗೂ ನನ್ನ ಹೆಸರಿನಲ್ಲಿದೆ. ಪ್ರತಿ ಸುಗ್ಗಿಗೆ ಹೊಸ ಜೋಳದ ಮೊದಲ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಾಗ ಚಾಚಾ ಹೇಳಿದ್ದು ನಿಜವಾಗುತ್ತದೆ. ಮೊದಲ ತುತ್ತು ಸುಲಭಕ್ಕೆ ಇಳಿಯುವುದಿಲ್ಲ. ನೀರು ಕುಡಿದು ನುಂಗುತ್ತೇನೆ.